ಕುದುರೆಗಳನ್ನು ಸಾಗಿಸಲು ಒಂದು ಟ್ರಕ್ಕು: ಡೀಸೆಲ್ಲೋ, ಪೆಟ್ರೋಲೋ?

2020ರ ಅಕ್ಟೋಬರಿನ ಒಂದು ಮಧ್ಯಾಹ್ನ ನಮ್ಮ ಅಂಗಳದ ಮೇಲೆ ಬೂದಿ ಸುರಿಯತೊಡಗಿತು. ಸುಟ್ಟ ಪೈನ್ ಮರದ ಸೂಜಿಯೆಲೆಗಳು ಆಕಾರ ಕೆಡದೆ ತೇಲಿ ಬಂದು ಕಾರಿನ ಗಾಜಿನ ಮೇಲೆ ಕೂರುತ್ತಿದ್ದವು. ಬೆರಳು ತಾಗಿದರೆ ಪುಡಿಯಾಗುತ್ತಿದ್ದವು. ಅಮೆರಿಕದ ಕೊಲರಾಡೋ ರಾಜ್ಯದಲ್ಲಿ ಲವ್‌ಲ್ಯಾಂಡ್ ಎಂಬ ಊರಿದೆ. ಅದರ ಪಶ್ಚಿಮಕ್ಕೆ, ಬಯಲು ಮುಗಿದು ರಾಕಿ ಪರ್ವತಗಳು ಏಳುವ ಕಡೆ, ನಮ್ಮ ಐದು ಎಕರೆ ಜಮೀನಿದೆ. ಆಗಸ್ಟ್ 13ರಂದು ಹೊತ್ತಿಕೊಂಡ ಕ್ಯಾಮರಾನ್ ಪೀಕ್ ಕಾಡ್ಗಿಚ್ಚು ಎರಡು ತಿಂಗಳಿನಿಂದ ಬೆಟ್ಟಗಳ ಆಚೆ ಉರಿಯುತ್ತಲೇ ಇತ್ತು. ಆ ವಾರ ಬೀಸಿದ ಬಿರುಗಾಳಿ ಅದನ್ನು ನಮ್ಮ ಕಡೆಗೆ ತಳ್ಳಿತು. ಕೊನೆಗೆ 2 ಲಕ್ಷ ಎಕರೆಗೂ ಹೆಚ್ಚು ಕಾಡನ್ನು ಸುಟ್ಟು, ಈ ರಾಜ್ಯದ ಚರಿತ್ರೆಯಲ್ಲೇ ಅತಿ ದೊಡ್ಡ ಕಾಡ್ಗಿಚ್ಚು ಎನಿಸಿಕೊಂಡಿತು.

ನಮ್ಮಲ್ಲಿ ಎರಡು ಕುದುರೆಗಳಿದ್ದವು. ಅವುಗಳನ್ನು ಸಾಗಿಸುವ ಗಾಡಿ ಇರಲಿಲ್ಲ. ಪಕ್ಕದ ಜಮೀನಿನಲ್ಲಿ ದನ ಸಾಕಿಕೊಂಡಿರುವ ಎಪ್ಪತ್ತು ದಾಟಿದ ಹೆಂಗಸು ಮೊದಲು ತನ್ನ ಪ್ರಾಣಿಗಳನ್ನು ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಮೇಳದ ಮೈದಾನಕ್ಕೆ ಮುಟ್ಟಿಸಿ, ಆಮೇಲೆ ನಮ್ಮಲ್ಲಿಗೆ ಬಂದರು. ಆ ಎರಡು ಗಂಟೆ ಹದಿಮೂರು ವರ್ಷದ ನನ್ನ ಮಗಳು ಎರಡೂ ಕುದುರೆಗಳ ಹಗ್ಗ ಹಿಡಿದು ಗೇಟಿನ ಬಳಿ ನಿಂತಿದ್ದಳು. ಹೊಗೆಗೆ ಕುದುರೆಗಳು ಮೂಗು ಅರಳಿಸಿ ನೆಲ ಕೆರೆಯುತ್ತಿದ್ದವು. ಅವಳು ಅಳಲಿಲ್ಲ, ಮಾತನಾಡಲೂ ಇಲ್ಲ. ಬೆಂಕಿ ನಮ್ಮ ಮನೆಯವರೆಗೆ ಬರಲಿಲ್ಲ. ಆದರೂ ಆ ರಾತ್ರಿ ನಾನು ಮತ್ತು ನನ್ನ ಗಂಡ ತೀರ್ಮಾನ ಮಾಡಿದೆವು: ಇನ್ನೊಮ್ಮೆ ಹೀಗೆ ಬೇರೆಯವರ ದಾರಿ ಕಾಯುವುದು ಬೇಡ.

ಟ್ರೇಲರ್ ಬೇಗ ಸಿಕ್ಕಿತು. ಮೂರು ಕುದುರೆ ನಿಲ್ಲುವ, ಸೆಕೆಂಡ್ ಹ್ಯಾಂಡ್ ಅಲ್ಯೂಮಿನಿಯಂ ಟ್ರೇಲರ್. ಖಾಲಿ ಇದ್ದಾಗ 4,400 ಪೌಂಡ್, ಅಂದರೆ ಸುಮಾರು ಎರಡು ಟನ್. ಅದನ್ನು ಎಳೆಯುವ ಗಾಡಿ ಯಾವುದು ಎಂಬ ಪ್ರಶ್ನೆಗೆ ಐದು ತಿಂಗಳು ಹಿಡಿಯಿತು.

ಭಾರವಾದ ಪಿಕಪ್ ಟ್ರಕ್ಕೇ ಬೇಕು ಎಂಬುದರಲ್ಲಿ ಅನುಮಾನವಿರಲಿಲ್ಲ. ಇಲ್ಲಿ ಮನೆಮನೆಯಲ್ಲೂ ಕಾಣುವ ಸಾಧಾರಣ ಪಿಕಪ್‌ಗಳನ್ನು ‘ಅರ್ಧ ಟನ್’ ಎನ್ನುತ್ತಾರೆ. ಅವುಗಳಲ್ಲಿ ಕೆಲವು ಕಾಗದದ ಮೇಲೆ 10,000 ಪೌಂಡ್‌ಗೂ ಹೆಚ್ಚು ಎಳೆಯುತ್ತವೆ. ಆದರೆ ಕುದುರೆ ಎಂದರೆ ಕಟ್ಟಿಟ್ಟ ಮೂಟೆಯಲ್ಲ. ತಿರುವಿನಲ್ಲಿ ಒಂದು ಕುದುರೆ ಕಾಲು ಬದಲಿಸಿದರೆ ಟ್ರೇಲರ್ ಪೂರ್ತಿ ವಾಲುತ್ತದೆ, ಅದರ ಎಳೆತ ಮುಂದಿನ ಗಾಡಿಯ ಬೆನ್ನಿಗೆ ಬರುತ್ತದೆ. ಬೆನ್ನು ಗಟ್ಟಿ ಇರಬೇಕು. ಹಾಗಾಗಿ ‘ಮುಕ್ಕಾಲು ಟನ್’ ಎನ್ನುವ ವರ್ಗಕ್ಕೆ ಬಂದೆವು: ಫೋರ್ಡ್ ಎಫ್-250, ರಾಮ್ 2500, ಷೆವ್ರೊಲೆ ಸಿಲ್ವರಾಡೋ 2500. ಈ ಮೂರರಲ್ಲೂ ಕೊಳ್ಳುವವನ ಮುಂದೆ ಒಂದೇ ಕವಲು ಎದುರಾಗುತ್ತದೆ. ಎಂಜಿನ್ ಪೆಟ್ರೋಲಿನದೋ, ಡೀಸೆಲಿನದೋ?

ನಾನು ತಿಪಟೂರಿನವಳು. ಅಪ್ಪ ಇಪ್ಪತ್ತು ವರ್ಷಕ್ಕೂ ಹೆಚ್ಚು ಟಾಟಾ 407 ಓಡಿಸಿದವರು. ಹಳ್ಳಿಗಳಿಂದ ಕೊಬ್ಬರಿ ಚೀಲ ತುಂಬಿಕೊಂಡು ಎಪಿಎಂಸಿ ಮಾರುಕಟ್ಟೆಗೆ ತರುವುದು, ತೆಂಗಿನಕಾಯಿ ಲೋಡ್ ಸಿಕ್ಕರೆ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿಬರುವುದು ಅವರ ಬದುಕಾಗಿತ್ತು. ಬೆಳಗಿನ ಜಾವ ಆ ಎಂಜಿನ್ ಚಾಲೂ ಆಗುವ ಶಬ್ದಕ್ಕೆ ನಾವು ಮೂವರು ಮಕ್ಕಳೂ ಎಚ್ಚರಗೊಳ್ಳುತ್ತಿದ್ದೆವು. ಭಾರ ಹೊರುವ ಗಾಡಿ ಎಂದರೆ ಡೀಸೆಲ್ ಎನ್ನುವುದು ನಮ್ಮ ಮನೆಯಲ್ಲಿ ಚರ್ಚೆಯ ವಿಷಯವೇ ಆಗಿರಲಿಲ್ಲ.

ಅಪ್ಪನಿಗೆ ಫೋನ್ ಮಾಡಿ, “ಇಲ್ಲಿ ಗ್ಯಾಸ್ ಎಂಜಿನ್ನೂ ಸಿಗುತ್ತದೆ, ಅದನ್ನೂ ನೋಡುತ್ತಿದ್ದೇವೆ” ಎಂದೆ. ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. “ಸಿಲಿಂಡರ್ ಹಾಕಿ ಓಡಿಸುವುದಾ? ಕುದುರೆ ಕಟ್ಟಿಕೊಂಡು?” ಎಂದು ಗಾಬರಿಯಿಂದ ಕೇಳಿದರು. ಅಮೆರಿಕನ್ನರು ಪೆಟ್ರೋಲಿಗೇ ಗ್ಯಾಸ್ ಎನ್ನುತ್ತಾರೆ ಎಂದು ವಿವರಿಸಿದೆ. “ಪೆಟ್ರೋಲ್ ಆದರೂ ಅಷ್ಟೇ ಕಣಮ್ಮ. ಲೋಡ್ ಎಳೆಯುವುದಕ್ಕೆ ಯಾರಾದರೂ ಪೆಟ್ರೋಲ್ ಗಾಡಿ ತೆಗೆದುಕೊಳ್ಳುತ್ತಾರಾ?” ಎಂದರು.

ನಿಜ ಹೇಳಬೇಕೆಂದರೆ ನನ್ನ ಮನಸ್ಸೂ ಅದನ್ನೇ ಹೇಳುತ್ತಿತ್ತು. ಅದು ಇನ್ನೂ ಗಟ್ಟಿಯಾದದ್ದು ಜನವರಿಯಲ್ಲಿ. ಮಗಳ ಸವಾರಿ ತರಗತಿಯ ಪರಿಚಿತರೊಬ್ಬರು ಎಸ್ಟೆಸ್ ಪಾರ್ಕಿನಿಂದ ಎರಡು ಕುದುರೆ ತರಬೇಕಿತ್ತು, ನನ್ನನ್ನೂ ಕರೆದರು. ಅವರದು 6.7 ಲೀಟರ್ ಡೀಸೆಲ್ ಎಂಜಿನ್ನಿನ ಎಫ್-250. ಎಸ್ಟೆಸ್ ಪಾರ್ಕ್ 7,500 ಅಡಿ ಎತ್ತರದಲ್ಲಿದೆ, ಲವ್‌ಲ್ಯಾಂಡ್ ಸುಮಾರು 5,000 ಅಡಿಯಲ್ಲಿ. ನಡುವೆ ಬಿಗ್ ಥಾಂಪ್ಸನ್ ನದಿಯ ಕಮರಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ನೀರು, ನಡುವೆ ಹಾವಿನಂತೆ ಹೊರಳುವ ರಸ್ತೆ. ಇಳಿಯುವಾಗ ಅವರು ಒಂದು ಗುಂಡಿ ಒತ್ತಿದರು. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋದಲ್ಲಿ ಎಂಜಿನ್ ತನ್ನ ಹೊಗೆಯನ್ನೇ ತಡೆದು, ಆ ಒತ್ತಡದಿಂದ ಗಾಡಿಯನ್ನು ಹಿಂದಕ್ಕೆ ಹಿಡಿಯುವ ಎಕ್ಸಾಸ್ಟ್ ಬ್ರೇಕ್ ಅದು. ಹಿಂದೆ ನಾಲ್ಕು ಟನ್ ತೂಕವಿದ್ದರೂ ಕಡಿದಾದ ಇಳಿಜಾರುಗಳಲ್ಲಿ ಅವರ ಕಾಲು ಬ್ರೇಕಿನ ಮೇಲೆ ಇಳಿಯಲೇ ಇಲ್ಲ. ಘಾಟಿ ಇಳಿದು ಬಂದ ಅಪ್ಪನ ಲಾರಿಯ ಚಕ್ರಗಳಿಂದ ಬರುತ್ತಿದ್ದ ಸುಟ್ಟ ವಾಸನೆ ನನಗೆ ನೆನಪಾಯಿತು. ಅವರಿಗೆ ಇಂಥದ್ದೊಂದು ಇದ್ದಿದ್ದರೆ ಎಂದುಕೊಂಡೆ.

ಮನೆಗೆ ಬಂದವಳೇ, “ಡೀಸೆಲ್ಲೇ ತೆಗೆದುಕೊಳ್ಳೋಣ” ಎಂದೆ. ನನ್ನ ಗಂಡ ಬೇಡವೆನ್ನಲಿಲ್ಲ. ಕಾಗದ ಮತ್ತು ಪೆನ್ನು ತಂದರು.

ಅವರು ಬರೆದ ಮೊದಲ ಸಂಖ್ಯೆಯೇ ದೊಡ್ಡದಿತ್ತು. ಒಂದೇ ಮಾದರಿಯ ಹೊಸ ಟ್ರಕ್ಕಿನಲ್ಲಿ ಪೆಟ್ರೋಲ್ ಬದಲು ಡೀಸೆಲ್ ಎಂಜಿನ್ ಬೇಕೆಂದರೆ ಸುಮಾರು 10,000 ಡಾಲರ್ ಹೆಚ್ಚು. ಅದನ್ನು ಇಂಧನದ ಉಳಿತಾಯ ತುಂಬಿಕೊಡುತ್ತದೆ ಎಂಬುದು ಊರಿನಿಂದ ನಾನು ಕಟ್ಟಿಕೊಂಡು ಬಂದ ನಂಬಿಕೆ. ನಾನು ಬೆಳೆಯುವಾಗ ಭಾರತದಲ್ಲಿ ಡೀಸೆಲ್ ಬೆಲೆಯನ್ನು ಸರ್ಕಾರವೇ ಹಿಡಿದಿಡುತ್ತಿತ್ತು. ಆ ನಿಯಂತ್ರಣ ತೆಗೆದದ್ದು 2014ರಲ್ಲಿ. ಪೆಟ್ರೋಲ್ ಉಳ್ಳವರ ಕಾರಿಗೆ, ಡೀಸೆಲ್ ದುಡಿಯುವ ಗಾಡಿಗೆ ಎಂಬ ಭಾವನೆ ಆ ಬೆಲೆಯಿಂದಲೇ ಹುಟ್ಟಿದ್ದು. ಅಮೆರಿಕದಲ್ಲಿ ಲೆಕ್ಕ ತಿರುಗುಮುರುಗು. ಕೇಂದ್ರ ಸರ್ಕಾರದ ತೆರಿಗೆಯೇ ಒಂದು ಗ್ಯಾಲನ್ (ಸುಮಾರು 3.8 ಲೀಟರ್) ಪೆಟ್ರೋಲಿಗೆ 18.4 ಸೆಂಟ್, ಡೀಸೆಲಿಗೆ 24.4 ಸೆಂಟ್. ಬಂಕಿನ ಫಲಕದಲ್ಲಿ ಡೀಸೆಲ್ ಬಹುತೇಕ ಯಾವಾಗಲೂ ಮೇಲಿರುತ್ತದೆ.

ಮೈಲೇಜಿನಲ್ಲಿ ಡೀಸೆಲ್ ಗೆಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಪೆಟ್ರೋಲ್ ಎಂಜಿನ್ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಹತ್ತು ಹನ್ನೊಂದು ಪಟ್ಟು ಅದುಮಿ, ಪ್ಲಗ್ಗಿನ ಕಿಡಿಯಿಂದ ಹೊತ್ತಿಸುತ್ತದೆ. ಡೀಸೆಲ್ ಎಂಜಿನ್ ಬರೀ ಗಾಳಿಯನ್ನು ಸುಮಾರು ಹದಿನಾರು ಪಟ್ಟು ಅದುಮುತ್ತದೆ. ಆ ಬಿಸಿಗೆ ಡೀಸೆಲ್ ಸಿಂಪಡಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ, ಕಿಡಿಯ ಹಂಗಿಲ್ಲ. ಹೆಚ್ಚು ಅದುಮಿದಷ್ಟೂ ಅದೇ ಬೆಂಕಿಯಿಂದ ಹೆಚ್ಚು ಕೆಲಸ ಹುಟ್ಟುತ್ತದೆ. ಮೇಲಾಗಿ ಒಂದು ಗ್ಯಾಲನ್ ಡೀಸೆಲಿನಲ್ಲಿ ಅಡಗಿರುವ ಶಕ್ತಿಯೂ ಪೆಟ್ರೋಲಿಗಿಂತ ಶೇಕಡಾ ಹತ್ತಕ್ಕೂ ಹೆಚ್ಚು. ಓಡಿಸುವವರನ್ನು ಕೇಳಿ ನಾವು ಹಿಡಿದ ಅಂದಾಜು ಹೀಗಿತ್ತು: ಪೆಟ್ರೋಲ್ ಗಾಡಿ ಖಾಲಿ ಓಡುವಾಗ ಗ್ಯಾಲನ್ನಿಗೆ 13 ಮೈಲಿ, ಟ್ರೇಲರ್ ಎಳೆಯುವಾಗ ಎಂಟೂವರೆ. ಡೀಸೆಲ್ ಗಾಡಿ ಖಾಲಿಯಲ್ಲಿ 17, ಎಳೆಯುವಾಗ ಹನ್ನೊಂದೂವರೆ.

ನಮ್ಮ ಓಡಾಟ ವರ್ಷಕ್ಕೆ 9,000 ಮೈಲಿ, ಅದರಲ್ಲಿ ಟ್ರೇಲರ್ ಕಟ್ಟಿಕೊಂಡು 2,000 ಎಂದು ಲೆಕ್ಕ ಹಾಕಿದೆವು. ಪೆಟ್ರೋಲ್ ಆದರೆ 774 ಗ್ಯಾಲನ್, ಡೀಸೆಲ್ ಆದರೆ 586. ಗ್ಯಾಲನ್ನಿಗೆ ಪೆಟ್ರೋಲ್ 3 ಡಾಲರ್, ಡೀಸೆಲ್ 3 ಡಾಲರ್ 20 ಸೆಂಟ್ ಎಂದು ಹಿಡಿದೆವು. ಕೂಡಿ ಕಳೆದಾಗ ಡೀಸೆಲಿನಿಂದ ವರ್ಷಕ್ಕೆ ಉಳಿಯುವುದು 447 ಡಾಲರ್. ಹತ್ತು ಸಾವಿರ ವಾಪಸ್ ಬರಲು ಇಪ್ಪತ್ತೆರಡು ವರ್ಷಕ್ಕೂ ಹೆಚ್ಚು ಬೇಕು. ಮಾರುವಾಗ ಡೀಸೆಲ್ ಟ್ರಕ್ಕಿಗೆ ಒಳ್ಳೆಯ ಬೆಲೆ ಸಿಗುತ್ತದೆ, ಅರ್ಧ ಹಣ ಅಲ್ಲೇ ಬಂತು ಎಂದುಕೊಂಡರೂ ಹನ್ನೊಂದು ವರ್ಷ. ಇದರಲ್ಲಿ ನಿರ್ವಹಣೆಯ ಖರ್ಚು ಇನ್ನೂ ಸೇರಿರಲಿಲ್ಲ. ಡೀಸೆಲ್ ಎಂಜಿನ್ನಿಗೆ ಆಯಿಲ್ ಬದಲಿಸುವಾಗ ಹನ್ನೆರಡು ಹದಿಮೂರು ಕ್ವಾರ್ಟ್ (ಹೆಚ್ಚುಕಡಿಮೆ ಅಷ್ಟೇ ಲೀಟರ್) ಬೇಕು, ಇಂಧನದ ಫಿಲ್ಟರುಗಳನ್ನು ಆಗಾಗ ಬದಲಿಸಬೇಕು.

ನಾನು ಆ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ದಿನವೂ ನೋಡುತ್ತಿದ್ದೆ. ಲೆಕ್ಕ ಸರಿಯಿತ್ತು, ಮನಸ್ಸು ಒಪ್ಪುತ್ತಿರಲಿಲ್ಲ. ಕಮರಿಯ ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಇಳಿದ ಆ ನೆಮ್ಮದಿಗೆ ಯಾವ ಕಲಮಿನಲ್ಲಿ ಎಷ್ಟು ಡಾಲರ್ ಬರೆಯುವುದು?

ಫೆಬ್ರುವರಿಯ ಮಧ್ಯದಲ್ಲಿ ಕಡು ಚಳಿ ಬಿತ್ತು. ಫ್ಯಾರನ್‌ಹೀಟ್ ಮಾಪನದಲ್ಲೇ ಸೊನ್ನೆಗಿಂತ ಕೆಳಗೆ, ಡೆನ್ವರಿನಲ್ಲಿ ಮೈನಸ್ 16. ಅಂದರೆ ಸೆಲ್ಸಿಯಸ್ಸಿನಲ್ಲಿ ಮೈನಸ್ 27ರ ಹತ್ತಿರ. ಒಂದು ಬೆಳಿಗ್ಗೆ ಪಕ್ಕದ ಜಮೀನಿನ ಹೆಂಗಸಿನ ಡೀಸೆಲ್ ಟ್ರಕ್ಕು ಚಾಲೂ ಆಗಲಿಲ್ಲ. ಶರತ್ಕಾಲದಲ್ಲಿ ತುಂಬಿಸಿದ ಇಂಧನ ಟ್ಯಾಂಕಿನಲ್ಲೇ ಉಳಿದಿತ್ತು. ಅದರೊಳಗಿನ ಮೇಣದ ಅಂಶ ಗಟ್ಟಿಯಾಗಿ, ಚಳಿಗೆ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯ ಹಾಗೆ ಫಿಲ್ಟರನ್ನು ಕಟ್ಟಿಬಿಟ್ಟಿತ್ತು. ಚಳಿಗಾಲಕ್ಕೆಂದೇ ಬೇರೆ ಮಿಶ್ರಣದ ಡೀಸೆಲ್ ಮಾರುತ್ತಾರೆ, ರಾತ್ರಿ ಎಂಜಿನ್ನನ್ನು ಬೆಚ್ಚಗಿಡಲು ವಿದ್ಯುತ್ ಹೀಟರ್ ಇರುತ್ತದೆ. ಕಾಳಜಿ ಇದ್ದವರಿಗೆ ತೊಂದರೆಯಿಲ್ಲ ಎಂದು ಅವರೇ ಹೇಳಿದರು. ಆ ದಿನ ಮಾತ್ರ ದನಗಳಿಗೆ ಹುಲ್ಲಿನ ಪೆಂಡಿಗಳನ್ನು ನಮ್ಮ ಕಾರಿನ ಹಿಂಬದಿಯಲ್ಲಿ ಹಾಕಿಕೊಂಡು ಒಯ್ದೆವು.

ಕೆಲಸ ಮುಗಿಸಿ ಅವರ ಅಡುಗೆಮನೆಯಲ್ಲಿ ಕಾಫಿ ಕುಡಿಯುವಾಗ ಅವರು ಕೇಳಿದರು: “ನಿಮ್ಮ ಟ್ರಕ್ಕು ವಾರದ ಉಳಿದ ದಿನ ಏನು ಮಾಡುತ್ತದೆ?”

ಏನು ಮಾಡುತ್ತದೆ? ಮಗಳನ್ನು ಶಾಲೆಗೆ ಬಿಡುತ್ತದೆ, ನಾಲ್ಕು ಮೈಲಿ. ಮೇವಿನ ಅಂಗಡಿಗೆ ಹೋಗುತ್ತದೆ, ಆರು ಮೈಲಿ. ನಮ್ಮಿಬ್ಬರ ಕೆಲಸವೂ ಮನೆಯಿಂದಲೇ ಆಗಿದ್ದರಿಂದ ಕೆಲವು ದಿನ ಕದಲುವುದೇ ಇಲ್ಲ. ಟ್ರೇಲರ್ ಎಳೆಯುವುದು ತಿಂಗಳಿಗೆ ಎರಡು ಸಲ, ಚಳಿಗಾಲದಲ್ಲಿ ಅದೂ ಇಲ್ಲ.

“ಹಾಗಾದರೆ ಡೀಸೆಲ್ ಕೊಳ್ಳುವ ಮೊದಲು ಅದನ್ನು ರಿಪೇರಿ ಮಾಡುವವನನ್ನು ಕಂಡು ಬನ್ನಿ” ಎಂದರು.

ಲವ್‌ಲ್ಯಾಂಡಿನಲ್ಲಿ ಡೀಸೆಲ್ ಗಾಡಿಗಳನ್ನಷ್ಟೇ ನೋಡುವ ಒಂದು ವರ್ಕ್‌ಶಾಪಿಗೆ ಹೋದೆ. ಹೊರಗೆ ಹನ್ನೆರಡು ಟ್ರಕ್ಕುಗಳು ಸಾಲಾಗಿ ನಿಂತಿದ್ದವು. ಅದರ ಮಾಲೀಕರು ಬದುಕಿಡೀ ಡೀಸೆಲ್ಲನ್ನೇ ಪ್ರೀತಿಸಿದವರು, ಮಾತಿನಲ್ಲೇ ಗೊತ್ತಾಗುತ್ತಿತ್ತು. ಅವರು ನನ್ನನ್ನು ಆ ಸಾಲಿನ ಉದ್ದಕ್ಕೂ ನಡೆಸಿಕೊಂಡು ಹೋಗಿ, “ಇವುಗಳಲ್ಲಿ ಅರ್ಧ ಗಾಡಿಗಳಿಗೆ ಬಂದಿರುವ ಕಾಯಿಲೆ ಒಂದೇ. ಇವು ಸಾಕಷ್ಟು ದುಡಿಯುತ್ತಿಲ್ಲ” ಎಂದರು.

ಅವರು ತೋರಿಸಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ, ಏಕೆಂದರೆ ನನ್ನ ತೀರ್ಮಾನ ತಿರುಗಿದ್ದು ಇಲ್ಲೇ. ಅಪ್ಪನ 407ರಿಂದ ಹೊಗೆ ನೇರ ಸೈಲೆನ್ಸರಿಗೆ ಬಂದು ಹೊರಗೆ ಹೋಗುತ್ತಿತ್ತು. ಈಗ ಹಾಗಿಲ್ಲ. ಅಮೆರಿಕದಲ್ಲಿ 2007ರ ನಿಯಮಗಳ ನಂತರ ಡೀಸೆಲ್ ಹೊಗೆಯ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಬಂತು; 2010ರ ನಿಯಮಗಳ ನಂತರ ನೈಟ್ರೋಜನ್ ಆಕ್ಸೈಡುಗಳನ್ನು ಕಡಿಮೆ ಮಾಡಲು ಯೂರಿಯಾ ದ್ರಾವಣ ಸಿಂಪಡಿಸುವ ವ್ಯವಸ್ಥೆ ಬಂತು. ಫಿಲ್ಟರಿನಲ್ಲಿ ಮಸಿ ತುಂಬುತ್ತ ಹೋಗುತ್ತದೆ. ತುಂಬಿದಾಗ ಎಂಜಿನ್ ತಾನೇ ಹೆಚ್ಚು ಇಂಧನ ಕಳಿಸಿ, ಫಿಲ್ಟರನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿ ಮಸಿಯನ್ನು ಸುಟ್ಟುಬಿಡುತ್ತದೆ. ಅದು ಸರಿಯಾಗಿ ಮುಗಿಯಬೇಕಾದರೆ ಹೆದ್ದಾರಿಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಎಡೆಬಿಡದೆ ಓಡಬೇಕು. ನಾಲ್ಕು ಮೈಲಿಯ ಶಾಲೆ, ಆರು ಮೈಲಿಯ ಅಂಗಡಿ ಎಂದು ಓಡಿಸಿದರೆ ಎಂಜಿನ್ ಪೂರ್ತಿ ಬಿಸಿಯಾಗುವುದರೊಳಗೆ ಪ್ರಯಾಣವೇ ಮುಗಿದಿರುತ್ತದೆ. ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ. ಕೊನೆಗೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಕಂಪ್ಯೂಟರ್ ಎಂಜಿನ್ನಿನ ಶಕ್ತಿಯನ್ನೇ ಇಳಿಸಿಬಿಡುತ್ತದೆ. ಹೊಸ ಫಿಲ್ಟರಿನ ಬೆಲೆ ಸಾವಿರಗಳ ಲೆಕ್ಕದಲ್ಲಿ.

ಬೆಂಚಿನ ಮೇಲೆ ಬಿಚ್ಚಿಟ್ಟಿದ್ದ ಅಧಿಕ ಒತ್ತಡದ ಇಂಧನ ಪಂಪನ್ನೂ ತೋರಿಸಿದರು. ಮುಷ್ಟಿಯಲ್ಲಿ ಹಿಡಿಯುವಷ್ಟು ಸಣ್ಣದು. ಅದು ಒಳಗೊಳಗೇ ಸವೆದು ಲೋಹದ ಚೂರುಗಳನ್ನು ಕಕ್ಕಿದರೆ ಆ ಚೂರು ಇಂಧನ ಸಿಂಪಡಿಸುವ ಇಂಜೆಕ್ಟರುಗಳವರೆಗೆ ಹೋಗುತ್ತದೆ. ಆಗ ಇಡೀ ಇಂಧನ ವ್ಯವಸ್ಥೆಯನ್ನೇ ಬದಲಿಸಬೇಕು, ಹತ್ತು ಸಾವಿರ ಡಾಲರ್ ಹತ್ತಿರ ಹತ್ತಿರ. “ವಾರಕ್ಕೆ ಐದು ದಿನ ಭಾರ ಎಳೆಯುವವನು ಬಂದು ಕೇಳಿದರೆ ಡೀಸೆಲ್ ಬಿಟ್ಟು ಬೇರೆ ಹೇಳುವುದಿಲ್ಲ. ನಿಮಗೆ ಮಾತ್ರ ನಾನು ಅದನ್ನು ಹೇಳಲಾರೆ” ಎಂದರು. ಡೀಸೆಲ್ ರಿಪೇರಿಯಿಂದಲೇ ಅನ್ನ ತಿನ್ನುವ ಮನುಷ್ಯ ಹೀಗೆ ಹೇಳಿದ್ದು ನನ್ನಲ್ಲಿ ನಾಟಿತು.

ಅಪ್ಪನಿಗೆ ಇದೆಲ್ಲ ಹೇಳಿದಾಗ ಅವರಿಗೆ ಯೂರಿಯಾದ ಮಾತು ನಂಬುವುದಕ್ಕೇ ಆಗಲಿಲ್ಲ. “ಗದ್ದೆಗೆ ಹಾಕುವ ಯೂರಿಯಾ?” ಎಂದು ಎರಡು ಸಲ ಕೇಳಿದರು. ಅದೇ, ಆದರೆ ಶುದ್ಧ ಮಾಡಿದ್ದು, ಶೇಕಡಾ 32.5 ಯೂರಿಯಾ, ಉಳಿದದ್ದು ನೀರು. ಮೈನಸ್ 11 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಅದಕ್ಕೂ ಟ್ಯಾಂಕಿನಲ್ಲಿ ಹೀಟರ್ ಇದೆ. ನಮ್ಮಲ್ಲಿಯೂ 2020ರ ಏಪ್ರಿಲ್‌ನಿಂದ ಬಿಎಸ್-6 ಎಂಬ ಹೊಗೆ ನಿಯಮ ಬಂದ ಮೇಲೆ ಹೊಸ ಲಾರಿಗಳಿಗೆ ಇದನ್ನು ಹಾಕುತ್ತಾರೆ ಎಂದೆ. ಸಂಜೆ ಅವರು ತಿಪಟೂರಿನ ಲಾರಿ ಸ್ಟ್ಯಾಂಡಿಗೆ ಹೋಗಿ ವಿಚಾರಿಸಿ ಬಂದರಂತೆ. ಮರುದಿನ ಅವರೇ ಫೋನ್ ಮಾಡಿ, “ಹೌದಮ್ಮ, ಹುಡುಗರು ಕ್ಯಾನಿನಲ್ಲಿ ತಂದು ಸುರಿಯುತ್ತಿದ್ದಾರೆ” ಎಂದರು. ಆದರೂ ಪೆಟ್ರೋಲ್ ಎಂಬ ಮಾತನ್ನು ಅವರ ಬಾಯಲ್ಲಿ ತರಿಸಲು ನನಗೆ ಆಗಲಿಲ್ಲ. “ಘಾಟಿ ಇದೆಯಲ್ಲ, ಘಾಟಿಯಲ್ಲಿ ಏನು ಮಾಡುತ್ತೀಯ?” ಎಂದು ಕೇಳಿದರು.

ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಟರ್ಬೋ ಇಲ್ಲದ ಪೆಟ್ರೋಲ್ ಎಂಜಿನ್ ಗಾಳಿಯನ್ನು ತಾನಾಗಿ ಉಸಿರಾಡುತ್ತದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಪ್ರತಿ ಸಾವಿರ ಅಡಿಗೆ ಸುಮಾರು ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ನಾವು ನೋಡುತ್ತಿದ್ದ ಫೋರ್ಡಿನ 7.3 ಲೀಟರ್ ವಿ8 ಎಂಜಿನ್ನಿಗೆ ಕಾಗದದ ಮೇಲೆ 430 ಅಶ್ವಶಕ್ತಿ. ನಮ್ಮ ಮನೆಯ ಅಂಗಳದಲ್ಲೇ ಅದು 365ಕ್ಕೆ ಇಳಿದಿರುತ್ತದೆ. ಐ-70 ಹೆದ್ದಾರಿ ರಾಕಿ ಪರ್ವತದ ನೆತ್ತಿಯನ್ನು ದಾಟುವ ಐಸೆನ್‌ಹೋವರ್ ಸುರಂಗ 11,158 ಅಡಿ ಎತ್ತರದಲ್ಲಿದೆ; ಅಲ್ಲಿ ಉಳಿಯುವುದು 290ರ ಆಸುಪಾಸು. ಡೀಸೆಲಿನ ಟರ್ಬೋ ತೆಳುಗಾಳಿಯನ್ನೂ ಒತ್ತಿ ತುಂಬುವುದರಿಂದ ಅದರ 475 ಅಶ್ವಶಕ್ತಿಯ ಬಹುಪಾಲು ಅಲ್ಲಿಯೂ ಉಳಿಯುತ್ತದೆ. ಎಳೆತದ ಬಲ ಎನ್ನುವ ಟಾರ್ಕಿನಲ್ಲಂತೂ ಹೋಲಿಕೆಯೇ ಇಲ್ಲ: ಪೆಟ್ರೋಲಿನದು 475 ಪೌಂಡ್-ಅಡಿ, ಅದೂ ನಿಮಿಷಕ್ಕೆ 4,000 ಸುತ್ತಿನಲ್ಲಿ, ಡೀಸೆಲಿನದು 1,050, ಬರೀ 1,600 ಸುತ್ತಿನಲ್ಲಿ.

ಹಾಗಾಗಿ ನಮ್ಮ ಭಾರ ನಿಜಕ್ಕೂ ಎಷ್ಟು ಎಂದು ತಿಳಿಯದೆ ಮುಂದೆ ಹೋಗುವಂತಿರಲಿಲ್ಲ. ಪಕ್ಕದವರ ಟ್ರಕ್ಕಿಗೆ ನಮ್ಮ ಟ್ರೇಲರ್ ಕಟ್ಟಿ, ನಮ್ಮ ಎರಡು ಕುದುರೆ, ಮಗಳ ಗೆಳತಿಯದೊಂದು, ಜೀನುಗಳು, ಹುಲ್ಲು, ನೀರು ಎಲ್ಲ ತುಂಬಿಕೊಂಡು ಐ-25ರ ಬದಿಯ ಟ್ರಕ್ ತಂಗುದಾಣದ ವೇ ಬ್ರಿಡ್ಜಿಗೆ ಹೋದೆವು. ತಿಪಟೂರಿನ ವೇ ಬ್ರಿಡ್ಜಿನ ಮುಂದೆ ಅಪ್ಪನ ಪಕ್ಕ ಕುಳಿತು ಚೀಟಿಗಾಗಿ ಕಾದ ಮಧ್ಯಾಹ್ನಗಳು ಕಣ್ಣ ಮುಂದೆ ಬಂದವು. ಟ್ರೇಲರಿನ ಒಟ್ಟು ತೂಕ 8,700 ಪೌಂಡ್, ನಾಲ್ಕು ಟನ್ನಿಗೆ ಸ್ವಲ್ಪ ಕಡಿಮೆ. ಅದರ ಮೂಗು ಟ್ರಕ್ಕಿನ ಹಿಚ್ಚಿನ (ಟ್ರೇಲರ್ ಸಿಕ್ಕಿಸುವ ಕೊಂಡಿಯ) ಮೇಲೆ ಹೇರುವ ಭಾರ ಸಾವಿರ ಪೌಂಡಿನ ಮೇಲೆ ಚೂರು.

ಈ ಚೀಟಿ ಇಟ್ಟುಕೊಂಡು ಷೋರೂಮಿಗೆ ಹೋದಾಗ ನಾವು ಎಣಿಸದ ಒಂದು ಸಂಗತಿ ಕಂಡಿತು. ಚಾಲಕನ ಬಾಗಿಲು ತೆರೆದರೆ ಅದರ ಚೌಕಟ್ಟಿಗೆ ಹಳದಿ ಬಿಳಿ ಪಟ್ಟಿಯೊಂದನ್ನು ಅಂಟಿಸಿರುತ್ತಾರೆ. ಜನ, ಸಾಮಾನು, ಹಿಚ್ಚಿನ ಮೇಲಿನ ಭಾರ ಎಲ್ಲ ಸೇರಿ ಆ ಗಾಡಿ ಬೆನ್ನ ಮೇಲೆ ಎಷ್ಟು ಹೊರಬಹುದು ಎಂದು ಅದರಲ್ಲಿ ಬರೆದಿರುತ್ತದೆ. ಪಕ್ಕಪಕ್ಕದಲ್ಲಿ ನಿಂತಿದ್ದ ಒಂದೇ ತರಹದ ಎರಡು ಟ್ರಕ್ಕುಗಳು. ಪೆಟ್ರೋಲಿನದರ ಮೇಲೆ 3,180 ಪೌಂಡ್, ಡೀಸೆಲಿನದರ ಮೇಲೆ 2,430. ಎರಡಕ್ಕೂ ಗಾಡಿ ಮತ್ತು ಬೆನ್ನ ಮೇಲಿನ ಭಾರ ಸೇರಿದ ಒಟ್ಟು ತೂಕದ ಮಿತಿ 10,000 ಪೌಂಡ್ ಎಂದೇ ನಿಗದಿ. ಡೀಸೆಲ್ ಎಂಜಿನ್ ಮತ್ತು ಅದರ ಪರಿವಾರವೇ ಅಷ್ಟು ಭಾರವಾದ್ದರಿಂದ ಆ ತೂಕ ನಮ್ಮ ಪಾಲಿನಿಂದ ಕಳೆದುಹೋಗುತ್ತದೆ. ಎಳೆಯುವ ಶಕ್ತಿ ಹೆಚ್ಚು ಇರುವ ಗಾಡಿಗೆ ಹೊರುವ ಶಕ್ತಿ ಕಡಿಮೆ! ಎಷ್ಟೋ ಜನ ದೊಡ್ಡ ಎಂಜಿನ್ ನೋಡಿ, ಈ ಪಟ್ಟಿಯನ್ನು ಓದದೆ, ಭಾರವಾದ ಟ್ರೇಲರ್ ಕಟ್ಟಿ ಮಿತಿ ಮೀರುತ್ತಾರೆ. ಟ್ರಕ್ಕು ಕೊಳ್ಳಲು ಹೊರಟವರು ಬೇರೇನು ಮರೆತರೂ ಬಾಗಿಲು ತೆರೆದು ಆ ಪಟ್ಟಿ ಓದುವುದನ್ನು ಮರೆಯಬಾರದು. ನಮ್ಮ ಟ್ರೇಲರ್ 12,000 ಪೌಂಡ್ ಇದ್ದಿದ್ದರೆ ನಾವು ಡೀಸೆಲ್ಲೇ ಕೊಳ್ಳುತ್ತಿದ್ದೆವು, ಆದರೆ ಇದಕ್ಕಿಂತ ಗಟ್ಟಿಯಾದ ‘ಒಂದು ಟನ್’ ವರ್ಗದಲ್ಲಿ.

ಹಳೆಯ ಗಾಡಿಯನ್ನೂ ಹುಡುಕಿದೆವು. ಕಂಪ್ಯೂಟರ್ ಚಿಪ್‌ಗಳ ಕೊರತೆಯಿಂದ ಆ ವರ್ಷ ಹೊಸ ಟ್ರಕ್ಕು ಸಿಗುವುದೇ ಕಷ್ಟವಾಗಿ ಹಳೆಯದರ ಬೆಲೆಯೂ ಏರಿತ್ತು. ಒಬ್ಬರ ಬಳಿ ಚೆನ್ನಾದ ಡೀಸೆಲ್ ಟ್ರಕ್ಕು ಕಡಿಮೆ ಬೆಲೆಗೆ ಇತ್ತು. ಬಗ್ಗಿ ನೋಡಿದರೆ ಮಸಿ ಫಿಲ್ಟರಿನ ಜಾಗದಲ್ಲಿ ಬರೀ ಕೊಳವೆ ಬೆಸೆದಿದ್ದರು. ಹಾಗೆ ಕಿತ್ತು ಹಾಕುವುದು ಇಲ್ಲಿನ ಶುದ್ಧ ಗಾಳಿ ಕಾಯ್ದೆಗೆ ವಿರುದ್ಧ. ಕಾನೂನು ಇರದಿದ್ದರೂ, ಕಾಡ್ಗಿಚ್ಚಿನ ಹೊಗೆಯಲ್ಲಿ ತಿಂಗಳುಗಟ್ಟಲೆ ಕೆಮ್ಮಿದ ಊರಿನಲ್ಲಿ ಮಸಿ ಉಗುಳುವ ಗಾಡಿ ಓಡಿಸಲು ನನಗೆ ಮನಸ್ಸಾಗುತ್ತಿರಲಿಲ್ಲ. ವಾಪಸ್ ಬಂದೆವು.

ಏಪ್ರಿಲ್ ಮೊದಲ ವಾರ 7.3 ಲೀಟರ್ ಪೆಟ್ರೋಲ್ ಎಂಜಿನ್ನಿನ ಎಫ್-250 ಮನೆಗೆ ಬಂತು. ಕಬ್ಬಿಣದ ಬ್ಲಾಕ್, ಟರ್ಬೋ ಇಲ್ಲ, ಹಳೆಯ ಕಾಲದ ಸರಳ ರಚನೆ. ಎರಡು ದಿನ ನನಗೆ ಒಳಗೊಳಗೇ ಅಳುಕು. ಕಮರಿಯಲ್ಲಿ ಇಳಿದ ಆ ಡೀಸೆಲ್ ಕನಸಿನಲ್ಲೂ ಬಂತು.

ಘಾಟಿಯ ಪರೀಕ್ಷೆ ಆದದ್ದು ಜುಲೈನಲ್ಲಿ. ಗ್ರ್ಯಾಂಡ್ ಜಂಕ್ಷನ್ನಿನಿಂದ ಮೂರು ಕುದುರೆಗಳೊಂದಿಗೆ ಮರಳುವಾಗ ಸಿಲ್ವರ್‌ಥಾರ್ನಿನಿಂದ ಐಸೆನ್‌ಹೋವರ್ ಸುರಂಗಕ್ಕೆ ಏರಬೇಕು. ಶೇಕಡಾ 7ರ ಏರು, ಮೈಲಿಗಟ್ಟಲೆ. ಎಂಜಿನ್ ಗೇರ್ ಇಳಿಸಿತು, ಮತ್ತೆ ಇಳಿಸಿತು, 4,500 ಸುತ್ತಿಗೆ ಹೋಗಿ ಅಲ್ಲೇ ಗಟ್ಟಿಯಾಗಿ ಕೂಗತೊಡಗಿತು. ವೇಗ 40 ಮೈಲಿಗೆ ಬಂತು. ನಾನು ಅಪಾಯಸೂಚಕ ದೀಪ ಹಾಕಿ ಬಲಗಡೆಯ ಲೇನಿನಲ್ಲಿ ಲಾರಿಗಳ ಹಿಂದೆ ಸೇರಿಕೊಂಡೆ. ನಮಗಿಂತ ಉದ್ದದ ಟ್ರೇಲರ್ ಎಳೆಯುತ್ತಿದ್ದ ಡೀಸೆಲ್ ಟ್ರಕ್ಕೊಂದು ಎಡಗಡೆಯಿಂದ ಸರಾಗವಾಗಿ ಏರಿ ಹೋಯಿತು. ಮಗಳು ಶಾಖದ ಮುಳ್ಳನ್ನೇ ನೋಡುತ್ತ ಕುಳಿತಿದ್ದಳು; ಅದು ನಡುವಿನಿಂದ ಕದಲಲಿಲ್ಲ. ಸುರಂಗದ ಬಾಯಿ ಕಂಡಾಗ ಅವಳು ಡ್ಯಾಷ್‌ಬೋರ್ಡನ್ನು ಕುದುರೆಯ ಕುತ್ತಿಗೆ ತಟ್ಟುವ ಹಾಗೆ ಎರಡು ಸಲ ತಟ್ಟಿದಳು.

ಏರುವುದಕ್ಕಿಂತ ನನ್ನನ್ನು ಕಾಡಿದ್ದು ಇಳಿಯುವುದು. ಸುರಂಗದ ಆಚೆ ಜಾರ್ಜ್‌ಟೌನಿನವರೆಗೆ ಇಳಿಜಾರು. ಭಾರ ಎಳೆಯುವ ಕ್ರಮಕ್ಕೆ ಹಾಕಿದರೆ ಈ ಗಾಡಿಯೂ ಗೇರ್ ಇಳಿಸಿ ಎಂಜಿನ್ನಿನಿಂದ ಹಿಡಿಯುತ್ತದೆ, ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಡೀಸೆಲಿನ ಎಕ್ಸಾಸ್ಟ್ ಬ್ರೇಕಿನಷ್ಟಲ್ಲ. ಹತ್ತು ಹನ್ನೆರಡು ಸಲ ಬ್ರೇಕ್ ಒತ್ತಿ ಬಿಡಬೇಕಾಯಿತು. ಜಾರ್ಜ್‌ಟೌನಿನಲ್ಲಿ ನಿಲ್ಲಿಸಿ ಚಕ್ರಗಳ ಬಳಿ ಅಂಗೈ ಒಡ್ಡಿ ನೋಡಿದೆ. ಬಿಸಿಯಿತ್ತು, ವಾಸನೆ ಇರಲಿಲ್ಲ. ಕುದುರೆಗಳಿಗೆ ನೀರು ಕುಡಿಸಿ ಅರ್ಧ ಗಂಟೆ ಕಾದು ಹೊರಟೆವು. ಈ ಒಂದು ವಿಷಯದಲ್ಲಿ ನನಗೆ ಇಂದಿಗೂ ಡೀಸೆಲ್ ಬೇಕಿತ್ತು ಅನಿಸುತ್ತದೆ. ಆ ದಾರಿಯಲ್ಲಿ ವಾರವಾರವೂ ಹೋಗುವವಳಾಗಿದ್ದರೆ ಉಳಿದ ಎಲ್ಲ ಲೆಕ್ಕವನ್ನೂ ಬದಿಗಿಟ್ಟು ಅದನ್ನೇ ಕೊಳ್ಳುತ್ತಿದ್ದೆ. ನಾವು ಹೋಗುವುದು ವರ್ಷಕ್ಕೆ ಎರಡು ಸಲ.

ಫ್ರಿಜ್ಜಿನ ಮೇಲಿನ ಲೆಕ್ಕವನ್ನು 2022ರ ಶರತ್ಕಾಲದಲ್ಲಿ ಮತ್ತೆ ತೆಗೆದೆ. ಡೀಸೆಲ್ 5 ಡಾಲರ್ ದಾಟಿತ್ತು, ಪೆಟ್ರೋಲ್ 3 ಡಾಲರ್ 70 ಸೆಂಟಿನ ಹತ್ತಿರ ಇತ್ತು. ಅದೇ ಮೈಲಿಗಳನ್ನು ಅದೇ ಮೈಲೇಜಿನಲ್ಲಿ ಹಾಕಿದರೆ ವರ್ಷದ ಇಂಧನ ಖರ್ಚು ಡೀಸೆಲಿಗೇ ಹೆಚ್ಚಾಗುತ್ತಿತ್ತು.

2024ರ ಜುಲೈ 29ರಂದು ಲವ್‌ಲ್ಯಾಂಡಿನ ಪಶ್ಚಿಮಕ್ಕೆ ಅಲೆಕ್ಸಾಂಡರ್ ಬೆಟ್ಟದಲ್ಲಿ ಬೆಂಕಿ ಹತ್ತಿತು. ಈ ಸಲ ಅದು ಬೆಟ್ಟಗಳ ಆಚೆ ಇರಲಿಲ್ಲ. ಮೂರು ವಾರದಿಂದ ಟ್ರಕ್ಕು ಕದಲದೆ ನಿಂತಿತ್ತು. ಕೀಲಿ ತಿರುಗಿಸಿದೆ, ಚಾಲೂ ಆಯಿತು. ನಮ್ಮ ಎರಡು, ಪಕ್ಕದವರ ಒಂದು ಕುದುರೆಯನ್ನು ಹತ್ತಿಸಿ ಪೂರ್ವದ ಬಯಲಿನಲ್ಲಿರುವ ಸ್ನೇಹಿತರ ಜಮೀನಿಗೆ ಹೊರಟೆವು. ಊರು ಬಿಡುವ ವಾಹನಗಳ ಸಾಲು; ಒಂದು ಗಂಟೆ ಹೆಜ್ಜೆ ಹೆಜ್ಜೆಯಾಗಿ ಸರಿದೆವು. ಎರಡನೆಯ ಸಲ ಪಕ್ಕದವರ ಕರುಗಳನ್ನು ತುಂಬಿಕೊಂಡಾಗ ಸ್ಟಿಯರಿಂಗ್ ಹಿಡಿದದ್ದು ಹದಿನೇಳಾಗಿದ್ದ ನನ್ನ ಮಗಳು. ನಾನು ಪಕ್ಕದಲ್ಲಿ ಕುಳಿತಿದ್ದೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಪ್ರಾಣಿಗಳೆಲ್ಲ ಸುರಕ್ಷಿತವಾಗಿವೆ ಎಂದೆ. ಮೊಮ್ಮಗಳು ಲೋಡ್ ಗಾಡಿ ಓಡಿಸಿದಳು ಎಂಬುದನ್ನು ಎರಡು ಸಲ ಹೇಳಿಸಿಕೊಂಡು ಕೇಳಿದರು. ಆಮೇಲೆ, “ಎಷ್ಟು ಕುಡಿಯಿತು?” ಎಂದರು.

“ಗ್ಯಾಲನ್ನಿಗೆ ಎಂಟು ಮೈಲಿ ಬಂತು, ಅಪ್ಪ.”

“ಎಂಟು ಮೈಲಿ ಎಂದರೆ ಎಷ್ಟು ಕಿಲೋಮೀಟರ್?”

“ಲೀಟರಿಗೆ ಮೂರೂವರೆಯ ಹತ್ತಿರ.”

“ಜಾಸ್ತಿ ಆಯಿತು” ಎಂದರು. ಸ್ವಲ್ಪ ತಡೆದು, “ನಾಳೆ ಆಯಿಲ್ ಒಂದು ಸಲ ನೋಡಿಬಿಡು. ಸಾಲಿನಲ್ಲಿ ಬಹಳ ಹೊತ್ತು ನಿಂತಿದೆ” ಎಂದರು.